ಹಳೇ ಗಾಡಿಗೆ ಯಾವಾಗ ಬೆಲೆ ಬರುತ್ತದೆ? ಒಬ್ಬ ರೇಸ್ ಚಾಲಕನಿಂದ ಕಲಬುರಗಿ ಗ್ಯಾರೇಜಿನವರೆಗೆ

ಕಲಬುರಗಿ ಕಡೆ ಹಳೇ ಗಾಡಿ ಇಟ್ಟುಕೊಂಡವರಿಗೆ ನೆಂಟರು, ನೆರೆಯವರು ಹೇಳುವ ಮಾತು ಒಂದೇ. “ಇನ್ನಾ ಯಾಕ ಇಟ್ಕೊಂಡೀರಿ, ಗುಜರಿಗೆ ಹಾಕ್ರಿ.” ಅಂಬಾಸಿಡರ್ ಇರಲಿ, ಪದ್ಮಿನಿ ಇರಲಿ, ಹೊಲದ ಮನೆ ಮುಂದೆ ನಿಂತ ಜೀಪ್ ಇರಲಿ, ಇದೇ ಮಾತು. ಹೇಳುವವರಿಗೂ ಕಾರಣ ಇದೆ. ಬಿಡಿಭಾಗ ಸುಲಭಕ್ಕೆ ಸಿಗಲ್ಲ. ಆರ್‌ಟಿಒ ಫೀಸು ಏರುತ್ತಲೇ ಇದೆ. ನಿಲ್ಲಿಸೋಕೆ ಜಾಗ ಬೇಕು.

ಆದರೆ ಹೈದರಾಬಾದಿಗೆ ಹೋದಾಗ ನಾವೆಲ್ಲ ಚೌಮಹಲ್ಲಾ ಅರಮನೆಯಲ್ಲಿ ನಿಜಾಮರ ಹಳದಿ ರೋಲ್ಸ್ ರಾಯ್ಸ್ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತೇವೆ. ಧರ್ಮಸ್ಥಳಕ್ಕೆ ಹೋದರೆ ಅಲ್ಲಿನ ಹಳೇ ಕಾರುಗಳ ಸಂಗ್ರಹವನ್ನು ಮಕ್ಕಳಿಗೆ ತೋರಿಸುತ್ತೇವೆ. ಹಾಗಾದರೆ ಒಂದು ಗಾಡಿ ಯಾವ ವಯಸ್ಸಿನವರೆಗೆ ಗುಜರಿ ಸಾಮಾನು? ಯಾವ ವಯಸ್ಸಿಗೆ ಪರಂಪರೆ? ನಮ್ಮ ಕಾನೂನು ಇದಕ್ಕೆ ಉತ್ತರ ಕೊಟ್ಟಿದ್ದು 2021ರಲ್ಲಿ. ಜಗತ್ತಿನ ಬೇರೆ ಕಡೆ ಈ ಪ್ರಶ್ನೆ ಅದಕ್ಕಿಂತ ಬಹಳ ಹಿಂದೆಯೇ ಎದ್ದಿತ್ತು. ಅದರಲ್ಲಿ ಫಿಲ್ ಹಿಲ್ ಎಂಬ ಅಮೆರಿಕದ ರೇಸ್ ಚಾಲಕನ ಪಾಲು ದೊಡ್ಡದು.

ಹಿಲ್ ಹುಟ್ಟಿದ್ದು 1927ರಲ್ಲಿ, ಮಯಾಮಿಯಲ್ಲಿ. ಬೆಳೆದದ್ದು ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ. ಹುಡುಗನಿಗೆ ಇನ್ನೂ 12 ವರ್ಷ ಇದ್ದಾಗ ಚಿಕ್ಕಮ್ಮ ಹೆಲನ್ ಒಂದು ಹಳೇ ಫೋರ್ಡ್ ಮಾಡೆಲ್ ಟಿ ಕೊಡಿಸಿದರು. ಅದನ್ನು ಬಿಚ್ಚಿ ಜೋಡಿಸುತ್ತಲೇ ಅವನು ಕಾರು ಕಲಿತ. ಕಾಲೇಜು ಬಿಟ್ಟು ಗ್ಯಾರೇಜ್ ಸೇರಿದ. 1949ರಲ್ಲಿ ಇಂಗ್ಲೆಂಡಿಗೆ ಹೋಗಿ ಜಾಗ್ವಾರ್ ಕಂಪನಿಯಲ್ಲಿ ತರಬೇತಿ ಪಡೆದ. ಅಂದರೆ ಅವನು ಮೊದಲು ಮೆಕ್ಯಾನಿಕ್, ಆಮೇಲೆ ಚಾಲಕ. ಮುಂದಿನ ಕಥೆಗೆಲ್ಲ ಇದೇ ಬುನಾದಿ ಅಂತ ನನ್ನ ನಂಬಿಕೆ.

1950ರಲ್ಲಿ ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನಲ್ಲಿ ಮೊದಲ ರಸ್ತೆ ರೇಸ್ ನಡೆಯಿತು. ಹಿಲ್ ಜಾಗ್ವಾರ್ ಓಡಿಸಿ ಗೆದ್ದ. ಅದೇ ರೇಸಿನ ಜೊತೆಗೆ ಅಂದದ ಕಾರುಗಳ ಒಂದು ಪ್ರದರ್ಶನವನ್ನೂ ಇಟ್ಟಿದ್ದರು. ಶುರುವಿನ ವರ್ಷಗಳಲ್ಲಿ ಅಲ್ಲಿ ದೊಡ್ಡ ಬಹುಮಾನ ಗೆಲ್ಲುತ್ತಿದ್ದದ್ದು ಹೊಚ್ಚ ಹೊಸ ಕಾರುಗಳು. ಹಳೇ ಕಾರಿಗೆ ಅಲ್ಲೂ ಬೆಲೆ ಇರಲಿಲ್ಲ.

ಅಷ್ಟರಲ್ಲಿ ಹಿಲ್‌ಗೆ ಹೊಟ್ಟೆಹುಣ್ಣು ಕಾಣಿಸಿಕೊಂಡಿತು. ರೇಸ್ ಬೇಡ ಎಂದರು ವೈದ್ಯರು. ಕೆಲವು ತಿಂಗಳು ಅವನು ಟ್ರ್ಯಾಕ್ ಬಿಟ್ಟು ಹಳೇ ಕಾರುಗಳ ಕೆಲಸದಲ್ಲಿ ಮುಳುಗಿದ. ಚಿಕ್ಕಮ್ಮನದೇ ಆದ 1931ರ ಪಿಯರ್ಸ್ ಆ್ಯರೋ ಕಾರು ಮನೆಯಲ್ಲಿತ್ತು. ಎಂಟು ಸಿಲಿಂಡರಿನ ದೊಡ್ಡ ಗಾಡಿ. ಅದನ್ನು ತಯಾರಿಸಿದ ಕಂಪನಿ 1938ರಲ್ಲೇ ಬಾಗಿಲು ಹಾಕಿತ್ತು. ಅಂಥ ಗಾಡಿಗೆ ಹೊಸ ಬಿಡಿಭಾಗ ಎಲ್ಲಿಂದ ತರುವುದು? ಇದ್ದದ್ದನ್ನೇ ಸರಿಪಡಿಸಬೇಕು, ಇಲ್ಲದ್ದನ್ನು ಕೈಯಾರೆ ಮಾಡಬೇಕು. 1955ರಲ್ಲಿ ಆ ಕಾರು ಪೆಬಲ್ ಬೀಚ್ ಪ್ರದರ್ಶನದ ಅತಿ ದೊಡ್ಡ ಬಹುಮಾನ ಗೆದ್ದಿತು. ಹಳೇ ಕಾರೊಂದನ್ನು ಮೊದಲಿನ ರೂಪಕ್ಕೆ ತಂದು ಅಲ್ಲಿ ಗೆದ್ದದ್ದು ಅದೇ ಮೊದಲು. ಮರುವರ್ಷ ರೇಸಿನಲ್ಲಿ ಒಬ್ಬ ಚಾಲಕ ಸತ್ತ. ಅಲ್ಲಿಗೆ ಪೆಬಲ್ ಬೀಚ್‌ನ ರೇಸ್ ನಿಂತಿತು. ಪ್ರದರ್ಶನ ಮಾತ್ರ ಉಳಿಯಿತು, ಬೆಳೆಯಿತು. ಇವತ್ತು ಹಳೇ ಕಾರುಗಳ ಲೋಕದಲ್ಲಿ ಅದಕ್ಕಿಂತ ದೊಡ್ಡ ಹೆಸರಿಲ್ಲ.

ಒಂದು ಲೆಕ್ಕ ಇಲ್ಲಿ ನೆನಪಿಡಬೇಕು. ಗೆದ್ದಾಗ ಆ ಪಿಯರ್ಸ್ ಆ್ಯರೋ ವಯಸ್ಸು ಬರೀ 24.

ಹಿಲ್ ಮತ್ತೆ ರೇಸಿಗೆ ಮರಳಿದ. ಫೆರಾರಿ ತಂಡ ಸೇರಿದ. 1958ರಲ್ಲಿ ಮಳೆಯ ನಡುವೆ ಫ್ರಾನ್ಸಿನ ಲ ಮಾನ್‌ನ 24 ಗಂಟೆಗಳ ರೇಸ್ ಗೆದ್ದ. ಜೊತೆಗಾರ ಬೆಲ್ಜಿಯಂನ ಒಲಿವಿಯೆ ಜಾಂಡಬಿಯಾಂ. ಇದೇ ಜೋಡಿ 1961 ಮತ್ತು 1962ರಲ್ಲಿ ಮತ್ತೆ ಗೆದ್ದಿತು. 1961ರಲ್ಲಿ ಹಿಲ್ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಕೂಡ ಆದ. ಆ ಪಟ್ಟ ಸಿಕ್ಕಿದ ದಿನ ಮಾತ್ರ ಬಹಳ ಕೆಟ್ಟದ್ದು. ಇಟಲಿಯ ಮೊಂಜಾದಲ್ಲಿ ಅದೇ ತಂಡದ ವುಲ್ಫ್‌ಗಾಂಗ್ ಫಾನ್ ಟ್ರಿಪ್ಸ್ ಅಪಘಾತದಲ್ಲಿ ಸತ್ತ. ಅವನ ಕಾರು ಜನರತ್ತ ನುಗ್ಗಿ ನೋಡುಗರೂ ಸತ್ತರು. ಪಾಯಿಂಟ್ ಪಟ್ಟಿಯಲ್ಲಿ ಹಿಲ್‌ಗೆ 34, ಫಾನ್ ಟ್ರಿಪ್ಸ್‌ಗೆ 33. ಒಂದೇ ಒಂದು ಪಾಯಿಂಟ್ ಅಂತರ. ಗೆಳೆಯನ ಶವಪೆಟ್ಟಿಗೆಗೆ ಹಿಲ್ ಹೆಗಲು ಕೊಟ್ಟ. ಆ ಸಾವಿನ ನಂತರ ಫೆರಾರಿ ತಂಡ ಅಮೆರಿಕದ ರೇಸಿಗೆ ಹೋಗಲಿಲ್ಲ. ಹಾಗಾಗಿ ವಿಶ್ವ ಚಾಂಪಿಯನ್ ತನ್ನದೇ ದೇಶದಲ್ಲಿ ಆ ವರ್ಷ ಓಡಲಿಲ್ಲ.

1967ರಲ್ಲಿ ಇಂಗ್ಲೆಂಡಿನ ಬ್ರ್ಯಾಂಡ್ಸ್ ಹ್ಯಾಚ್‌ನಲ್ಲಿ ಗೆದ್ದು ಹಿಲ್ ರೇಸ್ ಬಿಟ್ಟ. 1970ರ ದಶಕದಲ್ಲಿ ಕೆನ್ ವಾನ್ ಎಂಬವರ ಜೊತೆ ಸೇರಿ ಹಳೇ ಕಾರುಗಳನ್ನು ಮೊದಲಿನ ಸ್ಥಿತಿಗೆ ತರುವ ಅಂಗಡಿ ತೆರೆದ. 1984ರಲ್ಲಿ ಅದನ್ನು ಮಾರಿದ. ಪೆಬಲ್ ಬೀಚ್‌ನಲ್ಲಿ 40 ವರ್ಷದಷ್ಟು ಕಾಲ ತೀರ್ಪುಗಾರನಾಗಿದ್ದ. 2008ರಲ್ಲಿ ತೀರಿಕೊಂಡ. ಅಷ್ಟು ಹೆಸರಿನ ಚಾಲಕ ಗ್ರೀಸ್ ಮೆತ್ತಿಕೊಂಡು ಈ ಕೆಲಸ ಮಾಡಿದ್ದರಿಂದ ಈ ಕಸುಬಿಗೇ ಮರ್ಯಾದೆ ಬಂತು.

ಹಾಗಂತ ಹೊಳಪೇ ಎಲ್ಲ ಅಲ್ಲ. ವರ್ಷ ಕಳೆದಂತೆ ಈ ಲೋಕದಲ್ಲಿ ದೊಡ್ಡ ಚರ್ಚೆ ಎದ್ದಿತು. ಕಾರ್ಖಾನೆಯಿಂದ ಬಂದಾಗ ಇದ್ದದ್ದಕ್ಕಿಂತ ಜಾಸ್ತಿ ಮಿರುಗುವಂತೆ ಮಾಡಿದರೆ ಅದು ರಕ್ಷಣೆಯೋ, ಹೊಸ ಕಾರು ಕಟ್ಟಿದಂತೆಯೋ? ನಮ್ಮ ಕಡೆಯವರಿಗೆ ಇದು ಬೇಗ ಅರ್ಥ ಆಗುತ್ತದೆ. ಬೀದರಿನ ಬಿದ್ರಿ ಹೂಜಿಯ ಕಪ್ಪು ಬಣ್ಣ ಬರುವುದು ಕೋಟೆಯ ಮಣ್ಣಿನಿಂದ. ಹೊಳೆಯಲಿ ಅಂತ ಆ ಕಪ್ಪನ್ನೇ ಉಜ್ಜಿ ತೆಗೆದರೆ ಅದು ಬಿದ್ರಿ ಹೇಗಾದೀತು? ಹಳೇ ಗಾಡಿಗಳ ಅಂತರರಾಷ್ಟ್ರೀಯ ಒಕ್ಕೂಟ ಫೀವಾ ಶುರುವಾದದ್ದು 1966ರಲ್ಲಿ. ಟುರಿನ್ ಸನದು ಎಂಬ ಅದರ ದಾಖಲೆ ಹೇಳುವುದೂ ಇದನ್ನೇ: ಮೂಲ ಆದಷ್ಟು ಉಳಿಯಲಿ, ಮಾಡಿದ ಬದಲಾವಣೆ ದಾಖಲೆಯಲ್ಲಿರಲಿ. ಫೀವಾ ಪ್ರಕಾರ 30 ವರ್ಷ ದಾಟಿದ, ಮೂಲ ರೂಪದಲ್ಲಿರುವ, ದಿನನಿತ್ಯದ ಓಡಾಟಕ್ಕೆ ಬಳಸದ ಗಾಡಿ ಐತಿಹಾಸಿಕ.

ಭಾರತದಲ್ಲಿ ರೇಸು, ಹಳೇ ಕಾರು ಎರಡಕ್ಕೂ ಇತಿಹಾಸ ಇದೆ. ಚೆನ್ನೈ ಹತ್ತಿರದ ಸೋಳಾವರಂನಲ್ಲಿ ಎರಡನೇ ಮಹಾಯುದ್ಧದ ಕಾಲದ ವಿಮಾನ ಪಟ್ಟಿಯ ಮೇಲೆ ನಮ್ಮ ಫಿಯೆಟ್‌, ಹೆರಾಲ್ಡ್‌ಗಳು ದಶಕಗಟ್ಟಲೆ ರೇಸ್ ಓಡಿದವು. ದೆಹಲಿಯಲ್ಲಿ ಹಳೇ ಕಾರುಗಳ ರ‍್ಯಾಲಿ 1964ರಲ್ಲೇ ಶುರುವಾಯಿತು. ಆದರೆ ಕಾನೂನಿನ ಪುಸ್ತಕದಲ್ಲಿ ಹಳೇ ಗಾಡಿಗೆ ಬೇರೆ ಜಾಗ ಇರಲಿಲ್ಲ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಖಾಸಗಿ ಕಾರು, ಬೈಕುಗಳು ವಿಂಟೇಜ್. ಹೊಸದಾಗಿ ನೋಂದಾಯಿಸಿದರೆ ನಂಬರಿನಲ್ಲಿ ‘ವಿಎ’ ಎಂಬ ಅಕ್ಷರ ಸೇರುತ್ತದೆ. ಫೀಸು 20,000 ರೂಪಾಯಿ, ಹತ್ತು ವರ್ಷಕ್ಕೆ. ಆಮೇಲೆ ಮರುನೋಂದಣಿಗೆ 5,000. ದಿನದ ಓಡಾಟಕ್ಕೆ, ಬಾಡಿಗೆಗೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಷ್ಟಕ್ಕೆ ರಸ್ತೆಗಿಳಿಸಬಹುದು.

ಒಳ್ಳೆಯ ನಿಯಮ. ಆದರೆ ಅದೇ ಹೊತ್ತಿಗೆ ಗುಜರಿ ನೀತಿಯೂ ಬಂತು. ಖಾಸಗಿ ಕಾರಿಗೆ 15 ವರ್ಷ ಆದಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಬೇಕು. ಅದರ ಫೀಸು 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5,000 ಆಯಿತು. 2025ರಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000ಕ್ಕೆ ಏರಿತು. ಮೇಲೆ ಹಸಿರು ತೆರಿಗೆ ಬೇರೆ. ಸರ್ಕಾರಿ ಗಾಡಿಗಳಿಗಂತೂ ಆಯ್ಕೆಯೇ ಇಲ್ಲ. 2023ರ ಏಪ್ರಿಲ್‌ನಿಂದ 15 ವರ್ಷ ದಾಟಿದವುಗಳ ನೋಂದಣಿ ನವೀಕರಣವೇ ನಿಂತಿದೆ. ಕಚೇರಿಗಳ ಬಿಳಿ ಅಂಬಾಸಿಡರ್‌, ಇಲಾಖೆಗಳ ಜೀಪುಗಳು ಗುಜರಿ ಸೇರಬೇಕಾದದ್ದು ಹೀಗೆ.

ಈಗ 1985ರ ಒಂದು ಪದ್ಮಿನಿ ತೆಗೆದುಕೊಳ್ಳಿ. ಅದು ವಿಂಟೇಜ್ ಆಗುವುದು 2035ಕ್ಕೆ. ಮೊದಲ 15 ವರ್ಷ ಬಿಟ್ಟರೆ ನಡುವೆ 35 ವರ್ಷ, ಏಳು ಸಲ ನವೀಕರಣ. ಪ್ರತಿ ಸಲ ಗಾಡಿ ತಪಾಸಣೆ ಪಾಸಾಗಬೇಕು. 2014ರಲ್ಲಿ ತಯಾರಾದ ಕೊನೆಯ ಅಂಬಾಸಿಡರ್‌ಗಳು 2064ರವರೆಗೆ ಕಾಯಬೇಕು. ಚಿಕ್ಕಮ್ಮನ ಪಿಯರ್ಸ್ ಆ್ಯರೋ 24ಕ್ಕೇ ಜಗತ್ತಿನ ಕಣ್ಣು ತೆರೆಸಿತು. ನಮ್ಮಲ್ಲಿ 24ರ ಗಾಡಿ ಹೊಗೆ ಬಿಡುವ ಹಳೇ ಗಾಡಿ, ಅಷ್ಟೇ. ಪರಂಪರೆ ಸಾಯುತ್ತಿರುವುದು ಈ ನಡುವಿನ ವರ್ಷಗಳಲ್ಲಿ. ಫೀವಾ ಹಾಗೆ 30 ವರ್ಷಕ್ಕೆ ಒಂದು ಮೆಟ್ಟಿಲು ಇಟ್ಟು, ಕಡಿಮೆ ಓಡುವ ಮೂಲ ರೂಪದ ಗಾಡಿಗಳಿಗೆ ಫೀಸು ಇಳಿಸಿದರೆ ಎಷ್ಟೋ ಗಾಡಿ ಉಳಿದಾವು. ಸರ್ಕಾರ ಇದನ್ನು ಯೋಚಿಸಲೇಬೇಕು.

ಭಯ ಕೂಡ ಗಾಡಿಗಳನ್ನು ಗುಜರಿಗೆ ಕಳಿಸುತ್ತಿದೆ. ಡೀಸೆಲ್‌ಗೆ 10, ಪೆಟ್ರೋಲ್‌ಗೆ 15 ವರ್ಷದ ಮಿತಿ ಸುದ್ದಿಯಾದದ್ದು ದೆಹಲಿ ಸೀಮೆಯ ವಿಷಯಕ್ಕೆ. ಕರ್ನಾಟಕದಲ್ಲಿ ಖಾಸಗಿ ಗಾಡಿಗೆ ಅಂಥ ಮಿತಿ ಇಲ್ಲ. ತಪಾಸಣೆ ಪಾಸಾದರೆ ಕಲಬುರಗಿಯ ಕೆಎ 32, ಯಾದಗಿರಿಯ ಕೆಎ 33, ಬೀದರಿನ ಕೆಎ 38 ನಂಬರಿನ ಗಾಡಿ ಧಾರಾಳವಾಗಿ ಓಡಬಹುದು.

ಕೈಗುಣದ ಕೊರತೆ ನಮ್ಮಲ್ಲಿಲ್ಲ. ಹುಮನಾಬಾದ್ ರಸ್ತೆ, ಕಪನೂರ ಕಡೆಯ ಉಸ್ತಾದರು, ಟಿಂಕರಿಂಗ್ ಮಾಡುವವರು, ಲೇತ್ ಮೇಲೆ ಬುಷ್ ಕಡೆಯುವವರು ಹಿಲ್‌ನ ಅಂಗಡಿಯವರು ಮಾಡಿದಂಥದ್ದೇ ಕೆಲಸ ಮಾಡಬಲ್ಲರು. ಹವಾಮಾನವೂ ಅನುಕೂಲ. ಕರಾವಳಿಯ ಉಪ್ಪುಗಾಳಿ ಇಲ್ಲಿಲ್ಲ, ತಗಡು ಬೇಗ ತುಕ್ಕು ಹಿಡಿಯಲ್ಲ. ಬೇಸಿಗೆಯ 40 ಡಿಗ್ರಿ ದಾಟಿದ ಬಿಸಿಲಿಗೆ ರಬ್ಬರ್, ಸೀಟು ಒಡೆಯುತ್ತವೆ ನಿಜ, ಅದಕ್ಕೆ ನೆರಳು ಸಾಕು.

ತೊಂದರೆ ಇರುವುದು ಬೇರೆ ಕಡೆ. ಪೆಟ್ರೋಲ್ ದುಬಾರಿ ಅಂತ ಜೀಪು, ಅಂಬಾಸಿಡರ್‌ಗಳಿಗೆ ಡೀಸೆಲ್ ಎಂಜಿನ್ ಕೂರಿಸಿದ್ದು ಊರೂರಲ್ಲಿ ಇದೆ. ಆ ಕಾಲಕ್ಕೆ ಅದು ಜಾಣತನವೇ. ಆದರೆ ಚಾಸಿ, ಬಾಡಿ, ಎಂಜಿನ್ ಬದಲಾಗದೆ ಮೂಲ ರೂಪದಲ್ಲಿರಬೇಕು ಅಂತ ವಿಂಟೇಜ್ ನಿಯಮ ಕೇಳುತ್ತದೆ. ಬಿಚ್ಚಿಟ್ಟ ಹಳೇ ಪೆಟ್ರೋಲ್ ಎಂಜಿನ್ ಎಲ್ಲಾದರೂ ಮೂಲೆಯಲ್ಲಿದ್ದರೆ ದಯವಿಟ್ಟು ತೂಕಕ್ಕೆ ಮಾರಬೇಡಿ. ಗಾಡಿಯ ಮುಂದಿನ ಬದುಕು ಅದರ ಮೇಲೆ ನಿಂತಿರಬಹುದು.

ಕಾಗದಪತ್ರವೂ ಹಾಗೇ. 1956ರವರೆಗೆ ನಾವು ಹೈದರಾಬಾದ್ ರಾಜ್ಯದಲ್ಲಿದ್ದೆವು. ನಿಜಾಮರ ಆಡಳಿತ ನಡೆದದ್ದು ಉರ್ದುವಿನಲ್ಲಿ. ಅಜ್ಜನ ಟ್ರಂಕಿನಲ್ಲಿ ಓದಲು ಬಾರದ ಉರ್ದು ಕಾಗದ ಸಿಕ್ಕರೆ ಎಸೆಯುವ ಮೊದಲು ಓದಬಲ್ಲವರಿಗೆ ತೋರಿಸಿ. ಜಮೀನಿನ ಕಾಗದದ ಜೊತೆ ಗಾಡಿಯದ್ದೂ ಇರಬಹುದು.

1970ರ ಆಸುಪಾಸಿನ ಗಾಡಿ ಮನೆಯಲ್ಲಿದ್ದರೆ ಅದು ಈಗಾಗಲೇ 50 ದಾಟಿದೆ. ಮೈಸೂರಿನಲ್ಲಿ ತಯಾರಾದ ಆ ಕಾಲದ ಜಾವಾ ಬೈಕುಗಳೂ ಇದರಲ್ಲಿ ಬರುತ್ತವೆ. ವಿಂಟೇಜ್ ನೋಂದಣಿಯ ಅರ್ಜಿಗೆ ಫಾರ್ಮ್ 20, ವಿಮೆ, ಫೀಸು, ಹಳೇ ಆರ್‌ಸಿ ಬೇಕು. ಹೊರದೇಶದಿಂದ ತಂದದ್ದಾದರೆ ಕಸ್ಟಮ್ಸ್ ದಾಖಲೆಯೂ ಬೇಕು. ಮೊದಲೇ ನೋಂದಣಿ ಆದ ಗಾಡಿ ತನ್ನ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು, ‘ವಿಎ’ ಹಾಕಿಸಲೇಬೇಕು ಅಂತಿಲ್ಲ.