ಒಳಗೆ ತೊಳೆದರೆ ಯೋನಿ ಸೋಂಕು ಹೋಗುತ್ತಾ?

ಪ್ರಶ್ನೆ: ಬಿಳಿ ಹೋಗುತ್ತಿದೆ, ವಾಸನೆಯೂ ಇದೆ. ದಿನಕ್ಕೆರಡು ಸಲ ಇಂಟಿಮೇಟ್ ವಾಶ್ ಹಾಕಿ ಒಳಗೆಲ್ಲ ತೊಳೆಯುತ್ತೇನೆ. ಆದರೂ ಮತ್ತೆ ಬರುತ್ತಿದೆ, ಯಾಕೆ?

ಉತ್ತರ: ತೊಳೆಯುವುದೇ ಕಾರಣ ಇರಬಹುದು. ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ, ಯಾಕಂದ್ರೆ ಸೋಂಕು ಅಂದರೆ ಕೊಳಕು ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಅದು ತಪ್ಪು. ಯೋನಿಯೊಳಗೆ ಲ್ಯಾಕ್ಟೋಬ್ಯಾಸಿಲಸ್ ಅನ್ನುವ ಒಳ್ಳೆಯ ಬ್ಯಾಕ್ಟೀರಿಯಾ ಇರುತ್ತವೆ. ಅವು ಲ್ಯಾಕ್ಟಿಕ್ ಆಮ್ಲ ಮಾಡಿ, ಮುಟ್ಟಾಗುವ ವಯಸ್ಸಿನಲ್ಲಿ ಒಳಗಿನ ಪಿಎಚ್ (ಹುಳಿಯ ಅಳತೆ, ಸಂಖ್ಯೆ ಕಡಿಮೆಯಾದಷ್ಟೂ ಹುಳಿ ಹೆಚ್ಚು) ಅನ್ನು ಸುಮಾರು 3.8ರಿಂದ 4.5ರಲ್ಲಿ ಇಡುತ್ತವೆ. ಆ ಹುಳಿಯೇ ಕಾವಲು. ನೀವು ಒಳಗೆ ತೊಳೆದಾಗ ಈ ಕಾವಲು ಸಡಿಲವಾಗುತ್ತದೆ, ಬೇರೆ ಬ್ಯಾಕ್ಟೀರಿಯಾ ಹೆಚ್ಚುತ್ತವೆ, ಮೀನಿನಂಥ ವಾಸನೆ ಬರುತ್ತದೆ, ವಾಸನೆ ಬಂತಲ್ಲ ಅಂತ ನೀವು ಇನ್ನೂ ಜಾಸ್ತಿ ತೊಳೆಯುತ್ತೀರಿ. ಬಾಟಲಿ ಮೇಲೆ ‘ಪಿಎಚ್ ಬ್ಯಾಲೆನ್ಸ್’ ಅಂತ ಬರೆದಿದ್ದರೂ ಅದು ಔಷಧಿ ಅಲ್ಲ. ಹೊರಭಾಗಕ್ಕೆ ಬರೀ ನೀರು ಸಾಕು. ಒಳಗೆ ಏನೂ ಬೇಡ, ನೀರೂ ಬೇಡ.

ಇನ್ನು ಚಿಕಿತ್ಸೆ. ತೆಳ್ಳಗೆ, ಬೂದು ಬಣ್ಣ, ಮೀನಿನ ವಾಸನೆ ಇದ್ದರೆ ಬಹುಶಃ ಬ್ಯಾಕ್ಟೀರಿಯಲ್ ವಜೈನೋಸಿಸ್, ಅಂದರೆ ಮೇಲೆ ಹೇಳಿದ ಹಾಗೆ ಬೇರೆ ಬ್ಯಾಕ್ಟೀರಿಯಾ ಹೆಚ್ಚುವುದು. ಅದಕ್ಕೆ ಮೆಟ್ರೋನಿಡಜೋಲ್, ಸಾಮಾನ್ಯವಾಗಿ 7 ದಿನ. ಎರಡು ದಿನಕ್ಕೆ ವಾಸನೆ ಹೋಯಿತು ಅಂತ ನಿಲ್ಲಿಸಬೇಡಿ. ಮೊಸರಿನ ಗಡ್ಡೆಯಂತೆ ದಪ್ಪಗೆ, ವಿಪರೀತ ತುರಿಕೆ ಇದ್ದರೆ ಯೀಸ್ಟ್ ಅನ್ನುವ ಶಿಲೀಂಧ್ರದ ಸೋಂಕು ಇರಬಹುದು. ಅದಕ್ಕೆ ಕ್ಲೋಟ್ರಿಮಜೋಲ್, ಇಲ್ಲವೇ ಫ್ಲೂಕೋನಜೋಲ್ 150 ಮಿಲಿಗ್ರಾಂ ಒಂದೇ ಮಾತ್ರೆ. ಗರ್ಭಿಣಿಯರು ಫ್ಲೂಕೋನಜೋಲ್ ಮಾತ್ರೆಯನ್ನು ತಾವಾಗಿಯೇ ನುಂಗಬಾರದು. ಒಂದರ ಔಷಧಿ ಇನ್ನೊಂದಕ್ಕೆ ಕೆಲಸ ಮಾಡುವುದಿಲ್ಲ, ನೋಡಿ ಹೇಳುವುದೂ ಎಷ್ಟೋ ಸಲ ತಪ್ಪಾಗುತ್ತದೆ. ಹಾಗಾಗಿ ಪರೀಕ್ಷೆ ಮಾಡಿಸಿ. ಯೀಸ್ಟ್ ಪದೇ ಪದೇ ಬಂದರೆ ಸಕ್ಕರೆಯನ್ನೂ ನೋಡಿಸಿ.

ಯಾರೂ ಕೇಳದ, ಆದರೆ ಕೇಳಲೇಬೇಕಾದ ಇನ್ನೊಂದು ವಿಷಯ: ಗಂಡನಿಗೂ ಔಷಧಿ ಬೇಕಾ? ಟ್ರೈಕೊಮೊನಿಯಾಸಿಸ್ (ಲೈಂಗಿಕ ಸಂಪರ್ಕದಿಂದ ಹರಡುವ, ಪರಾವಲಂಬಿ ಜೀವಿಯ ಸೋಂಕು) ಆಗಿದ್ದರೆ ಖಂಡಿತ ಬೇಕು, ಇಲ್ಲದಿದ್ದರೆ ಅದು ಅವರಿಂದ ನಿಮಗೆ ತಿರುಗಿ ಬರುತ್ತದೆ. ಅವರಿಗೆ ಏನೂ ತೊಂದರೆ ಕಾಣದಿದ್ದರೂ ಸರಿ. ಯೀಸ್ಟ್‌ಗೆ ಸಾಮಾನ್ಯವಾಗಿ ಬೇಡ. ಬ್ಯಾಕ್ಟೀರಿಯಲ್ ವಜೈನೋಸಿಸ್‌ಗೂ ಬೇಡ ಅಂತಲೇ ಬಹಳ ಕಾಲ ಹೇಳುತ್ತಿದ್ದರು. ಆದರೆ 2025ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಗಂಡಸರಿಗೂ ಮಾತ್ರೆ ಮತ್ತು ಕ್ರೀಮ್ ಕೊಟ್ಟಾಗ ಸೋಂಕು ಮರಳುವುದು ಕಡಿಮೆಯಾಯಿತು. ನಿಮಗೆ ಮತ್ತೆ ಮತ್ತೆ ಬರುತ್ತಿದೆ ಅಂದಿರಲ್ಲ, ಮುಂದಿನ ಸಲ ಡಾಕ್ಟರ್ ಹತ್ತಿರ ಇಬ್ಬರೂ ಹೋಗಿ.