ಅಸಹಿಷ್ಣುತೆ: "ನನ್ನದೊಂದೇ ನಿಜ" ಎನ್ನುವುದರ ಹೆಸರಲ್ಲ

"ನನ್ನ ಮತವೊಂದೇ ಸತ್ಯ" ಎಂದು ಯಾರಾದರೂ ಬಾಯಿಬಿಟ್ಟರೆ ಸಾಕು, ಎದುರಿನವರ ಉತ್ತರ ಸಿದ್ಧವಾಗಿರುತ್ತದೆ: "ಇದೇ ಅಸಹಿಷ್ಣುತೆ." ಚರ್ಚೆ ಅಲ್ಲಿಗೆ ಮುಗಿಯಿತು. ಹಾಗೆ ಹೇಳಿದವನು ಯಾರ ಮೇಲೂ ಕೈ ಎತ್ತಿಲ್ಲ, ಯಾರ ಪೂಜೆಯನ್ನೂ ನಿಲ್ಲಿಸಿಲ್ಲ, ಯಾರನ್ನೂ ಊರು ಬಿಡಿಸಿಲ್ಲ. ತನಗೆ ನಿಜ ಎನಿಸಿದ್ದನ್ನು ನಿಜ ಎಂದಿದ್ದಾನೆ, ಅದಕ್ಕೆ ಎದುರಾದದ್ದನ್ನು ಸುಳ್ಳು ಎಂದಿದ್ದಾನೆ. ಇಷ್ಟಕ್ಕೇ ಈ ಪದವನ್ನು ಖರ್ಚು ಮಾಡಿಬಿಟ್ಟರೆ, ಪಕ್ಕದವನ ಪ್ರಾರ್ಥನಾಮಂದಿರಕ್ಕೆ ಬೆಂಕಿ ಇಡುವವನಿಗೆ ಯಾವ ಪದ ಉಳಿಯುತ್ತದೆ?

ಮೊದಲು ಪದವನ್ನು ಬಿಡಿಸಿ ನೋಡೋಣ. ಮೂಲದಲ್ಲಿರುವುದು ಸಂಸ್ಕೃತದ 'ಸಹ್' ಧಾತು. ಅದಕ್ಕೆ 'ಇಷ್ಣುಚ್' ಪ್ರತ್ಯಯ ಹತ್ತಿ 'ಸಹಿಷ್ಣು' ಆಗಿದೆ. ಈ ಪ್ರತ್ಯಯ ಕಂಡಕಂಡ ಧಾತುಗಳಿಗೆಲ್ಲ ಹತ್ತುವುದಿಲ್ಲ. ಪಾಣಿನಿ ಕೆಲವನ್ನು ಮಾತ್ರ ಒಂದು ಸೂತ್ರದಲ್ಲಿ ಪೋಣಿಸಿದ್ದಾನೆ. ಅದರಲ್ಲಿ 'ವೃಧ್' ಇದೆ (ವರ್ಧಿಷ್ಣು), 'ಚರ್' ಇದೆ (ಚರಿಷ್ಣು), 'ಸಹ್' ಇದೆ. ಆ ಕೆಲಸವೇ ಸ್ವಭಾವವಾದವನು, ಅಥವಾ ಅದನ್ನು ಚೆನ್ನಾಗಿ ಮಾಡಬಲ್ಲವನು ಎಂಬ ಅರ್ಥದಲ್ಲಿ ಇಂಥ ಪ್ರತ್ಯಯಗಳು ಬರುತ್ತವೆ. ಒಂದು ದಿನ ಹಲ್ಲು ಕಚ್ಚಿ ತಾಳಿಕೊಂಡವನಿಗೆ ಸಹಿಷ್ಣು ಎಂಬ ಹೆಸರು ಸಲ್ಲುವುದಿಲ್ಲ. ತಾಳಿಕೊಳ್ಳುವುದು ಅವನಿಗೆ ರೂಢಿಯಾಗಿ, ಕೈಬಂದ ವಿದ್ಯೆಯಾಗಿ ಇರಬೇಕು.

ಇನ್ನೂ ಹಿಂದಕ್ಕೆ ಹೋದರೆ ಸ್ವಾರಸ್ಯ ಹೆಚ್ಚು. ವೇದದ ಭಾಷೆಯಲ್ಲಿ 'ಸಹ್' ಎಂದರೆ ಮೇಲುಗೈ ಪಡೆ, ಗೆಲ್ಲು. 'ಸಹಸ್' ಎಂದರೆ ಬಲ. ಅಗ್ನಿಗೆ 'ಬಲದ ಮಗ' ಎಂಬ ಬಿರುದು ಬಂದದ್ದು ಈ ಮಾತಿನಿಂದಲೇ. ನಾವು ನಿತ್ಯ ಬಳಸುವ 'ಸಾಹಸ' ಇದೇ ಮನೆತನದ್ದು. ಸಹನೆ ಎಂದರೆ ಕೈಲಾಗದವನ ಗುಣ ಎಂದು ಮೂಗು ಮುರಿಯುವವರು ಈ ನೆಂಟಸ್ತಿಕೆಯನ್ನು ಸ್ವಲ್ಪ ಗಮನಿಸಬೇಕು.

ಕನ್ನಡವೂ ಇದನ್ನೇ ಬೇರೆ ದಾರಿಯಿಂದ ಹೇಳಿದೆ. 9ನೆಯ ಶತಮಾನದ ಕವಿರಾಜಮಾರ್ಗದ ಸಾಲು ಭಾಷಣಕಾರರ ಬಾಯಲ್ಲಿ ಸವೆದು ಹೋಗಿದೆ: "ಕಸವರಮೆಂಬುದು ನೆಱೆ ಸೈರಿಸಲಾರ್ಪೊಡೆ ಪರವಿಚಾರಮುಮಂ ಪರಧರ್ಮಮುಮಂ." ನಿಜವಾದ ಚಿನ್ನ ಯಾವುದೆಂದರೆ ಪರರ ವಿಚಾರವನ್ನೂ ಪರರ ಧರ್ಮವನ್ನೂ ಪೂರ್ತಿಯಾಗಿ ಸೈರಿಸಬಲ್ಲದ್ದು ಎಂದು ಅರ್ಥ ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ. ಆದರೆ 'ಸೈರಿಸಲಾರ್ಪೊಡೆ' ಎಂಬುದರ ಬಾಲವನ್ನು ನುಂಗಿಬಿಡುತ್ತಾರೆ. 'ಆರ್' ಎಂದರೆ ಹಳಗನ್ನಡದಲ್ಲಿ ಶಕ್ತನಾಗು. 'ಆರ್ಪು' ಎಂದರೆ ಸಾಮರ್ಥ್ಯ. ಸೈರಿಸುವ ಶಕ್ತಿ ಇದ್ದರೆ ಎಂಬ ಷರತ್ತು ಅಲ್ಲಿ ಕೂತಿದೆ. ಜೊತೆಗೆ ಆ 'ಪರ' ಎಂಬ ಎರಡಕ್ಷರ. ಅದು ಪರರದ್ದಾಗಿಯೇ ಉಳಿದಿದೆ. "ಅದೂ ನಮ್ಮದೇ, ಎಲ್ಲ ಒಂದೇ" ಎಂದು ಕವಿ ಕರಗಿಸಿಬಿಟ್ಟಿಲ್ಲ.

ಇನ್ನು 'ಅಸಹಿಷ್ಣು.' ಮಾತ್ಸರ್ಯ ಎಂದರೇನು ಎಂಬುದಕ್ಕೆ ಶಾಸ್ತ್ರಗ್ರಂಥಗಳಲ್ಲಿ ಒಂದು ರೂಢಿಯ ವಿವರಣೆ ಇದೆ: 'ಪರೋತ್ಕರ್ಷ ಅಸಹಿಷ್ಣುತ್ವ', ಅಂದರೆ ಇನ್ನೊಬ್ಬನ ಏಳಿಗೆಯನ್ನು ಸಹಿಸಲಾಗದಿರುವುದು. ಈ ವಿವರಣೆಯಲ್ಲಿ ಇನ್ನೊಬ್ಬನು ಸರಿಯೋ ತಪ್ಪೋ ಎಂಬ ವಿಚಾರವೇ ಇಲ್ಲ. ಅವನು ಇರುವುದು, ಬೆಳೆಯುವುದು ಕಣ್ಣಿಗೆ ಚುಚ್ಚುತ್ತದೆ, ಅಷ್ಟೇ. "ನಿನ್ನ ಮಾತು ತಪ್ಪು" ಎನ್ನುವವನಿಗೂ "ನೀನು ಇಲ್ಲಿರಕೂಡದು" ಎನ್ನುವವನಿಗೂ ಇರುವ ಅಂತರ ಪದದ ಹೊಟ್ಟೆಯಲ್ಲೇ ಇದೆ. ನಾವು ಅದನ್ನು ಅಳಿಸಿ ಬಳಸುತ್ತಿದ್ದೇವೆ.

ಹಾಗಾದರೆ ಸಹಿಷ್ಣುತೆಗೆ ಮೊದಲು ಬೇಕಾದದ್ದು ಭಿನ್ನಾಭಿಪ್ರಾಯ. ತತ್ತ್ವಶಾಸ್ತ್ರದಲ್ಲಿ ಇದನ್ನು ಆಕ್ಷೇಪದ ಅಂಶ ಎನ್ನುತ್ತಾರೆ: ನನಗೆ ಒಪ್ಪಿಗೆಯಾದದ್ದನ್ನು ನಾನು ಸಹಿಸಬೇಕಾಗಿಲ್ಲ, ಲೆಕ್ಕಕ್ಕೇ ಇಲ್ಲದ್ದನ್ನೂ ಸಹಿಸಬೇಕಾಗಿಲ್ಲ. ಎಲ್ಲ ಮತಗಳೂ ಸಮಾನ ಸತ್ಯ ಎನ್ನುವವನ ನಿಲುವಿಗೆ ಸಮಭಾವ ಎನ್ನಿ; ಯಾವುದಾದರೇನು ಎನ್ನುವವನದಕ್ಕೆ ಉದಾಸೀನ ಎನ್ನಿ. ಎರಡೂ ಸಹಿಷ್ಣುತೆಯಲ್ಲ. ಅದೂ ಅಲ್ಲದೆ ಎಲ್ಲವೂ ಸತ್ಯ ಎನ್ನುವವನು ಕೂಡ "ಒಂದೇ ಸತ್ಯ" ಎನ್ನುವವನನ್ನು ತಪ್ಪು ಎಂದೇ ಹೇಳಬೇಕಾಗುತ್ತದೆ. ಏನನ್ನೂ ಹೊರಗಿಡದ ಹೇಳಿಕೆ ಏನನ್ನೂ ಹೇಳಿದಂತಾಗುವುದಿಲ್ಲ.

"ಇದೆಲ್ಲ ನಿಘಂಟಿನ ಮಾತು. ಒಂದೇ ಸತ್ಯ ಎನ್ನುವವರೇ ತಾನೇ ಇತಿಹಾಸದುದ್ದಕ್ಕೂ ರಕ್ತ ಹರಿಸಿದವರು?" ಎಂಬ ಪ್ರಶ್ನೆ ನ್ಯಾಯವಾದದ್ದು. ಹರಿಸಿದ್ದಾರೆ. ಅವರು ಮಾತ್ರವೇ ಹರಿಸಿದರೇ, ಅವರೆಲ್ಲರೂ ಹರಿಸಿದರೇ ಎಂಬುದನ್ನು ನೋಡಬೇಕು.

ಕ್ರಿ.ಶ. 250ರ ಸುಮಾರಿಗೆ ರೋಮನ್ ಚಕ್ರವರ್ತಿ ಡೆಸಿಯಸ್, ಸಾಮ್ರಾಜ್ಯದ ಜನರು ದೇವತೆಗಳಿಗೆ ಬಲಿ ಅರ್ಪಿಸಿ ಪ್ರಮಾಣಪತ್ರ ಪಡೆಯಬೇಕೆಂದು ಆಜ್ಞೆ ಹೊರಡಿಸಿದ. ಈಜಿಪ್ಟಿನಲ್ಲಿ ಅಂಥ ನಲವತ್ತಕ್ಕೂ ಹೆಚ್ಚು ಪಪೈರಸ್ ಪತ್ರಗಳು ಸಿಕ್ಕಿವೆ. ಒಂದರಲ್ಲಿ ಅರ್ಜಿದಾರ ಡಯೋಜಿನಿಸ್‌ಗೆ 72 ವರ್ಷ, ಬಲ ಹುಬ್ಬಿನ ಮೇಲೆ ಗಾಯದ ಕಲೆ. ನಾನು ಯಾವಾಗಲೂ ದೇವತೆಗಳಿಗೆ ಬಲಿ ಕೊಡುತ್ತ ಬಂದವನು, ಈಗ ನಿಮ್ಮೆದುರಿಗೇ ಬಲಿ ಕೊಟ್ಟೆ, ಪಾನೀಯ ಸುರಿದೆ, ನೈವೇದ್ಯದ ರುಚಿ ನೋಡಿದೆ, ದಯವಿಟ್ಟು ದೃಢೀಕರಿಸಿ ಎಂದು ಬೇಡಿಕೆ. ಕೊಡದವರಿಗೆ ಸೆರೆಮನೆ, ಚಿತ್ರಹಿಂಸೆ, ಕೆಲವರಿಗೆ ಸಾವು. ಇಲ್ಲಿ ಹಿಂಸೆ ಕೊಟ್ಟ ರಾಜ್ಯಕ್ಕೆ ಒಂದೇ ದೇವರು, ಒಂದೇ ಸತ್ಯ ಎಂಬ ಹಟ ಇರಲಿಲ್ಲ. ಅದರ ದೇವಗಣದಲ್ಲಿ ಇನ್ನೂ ಎಷ್ಟು ಜನಕ್ಕಾದರೂ ಜಾಗ ಇತ್ತು. ಹಟ ಇದ್ದದ್ದು ಹಿಂಸೆ ಉಂಡ ಕ್ರೈಸ್ತರಿಗೆ. ಅವರ ಕೈಗೆ ಅಧಿಕಾರ ಬಂದ ಮೇಲೆ ಪಾತ್ರಗಳು ಅದಲುಬದಲಾದವು ಎಂಬುದೂ ನಿಜ: 311ರಲ್ಲಿ ಅವರಿಗೆ ರಿಯಾಯಿತಿ ಸಿಕ್ಕಿತು, 380ರಲ್ಲಿ ಅವರದೇ ರಾಜ್ಯದ ಮತವಾಯಿತು. ನಂಬಿಕೆ ಮೊದಲೂ ನಂತರವೂ ಅದೇ. ನಡುವೆ ಬದಲಾದದ್ದು ಸೈನ್ಯ ಯಾರ ಮಾತು ಕೇಳುತ್ತದೆ ಎಂಬುದು.

ಇದಕ್ಕಿಂತ ಚೊಕ್ಕ ಉದಾಹರಣೆ ಕ್ಯಾಥೊಲಿಕ್ ಚರ್ಚಿನದೇ. 1864ರಲ್ಲಿ ಪೋಪ್ ಒಂಬತ್ತನೆಯ ಪಯಸ್ ಪ್ರಕಟಿಸಿದ ತಪ್ಪು ಸಿದ್ಧಾಂತಗಳ ಪಟ್ಟಿಯಲ್ಲಿ, ಇತರ ಆರಾಧನೆಗಳನ್ನು ಹೊರಗಿಟ್ಟು ಕ್ಯಾಥೊಲಿಕ್ ಮತವನ್ನೇ ರಾಜ್ಯದ ಏಕೈಕ ಮತವಾಗಿ ಇರಿಸಿಕೊಳ್ಳುವುದು ಈ ಕಾಲಕ್ಕೆ ಸಲ್ಲದು ಎಂಬ ಅಭಿಪ್ರಾಯವೂ ಖಂಡನೆಗೆ ಗುರಿಯಾಗಿತ್ತು. 1965ರ ಡಿಸೆಂಬರ್‌ನಲ್ಲಿ ಅದೇ ಚರ್ಚಿನ ಬಿಷಪ್ಪರು ಸೇರಿದ್ದ ಎರಡನೆಯ ವ್ಯಾಟಿಕನ್ ಮಹಾಸಭೆ ಮತಸ್ವಾತಂತ್ರ್ಯದ ಬಗ್ಗೆ ಘೋಷಣೆ ಹೊರಡಿಸಿತು. ಅದರ ಮೊದಲ ಭಾಗದಲ್ಲೇ ಏಕೈಕ ನಿಜವಾದ ಮತ ಕ್ಯಾಥೊಲಿಕ್ ಚರ್ಚಿನಲ್ಲಿ ನೆಲೆಸಿದೆ ಎಂದಿದೆ; ಎರಡನೆಯ ಭಾಗದಲ್ಲಿ ಪ್ರತಿ ಮನುಷ್ಯನಿಗೂ ಮತಸ್ವಾತಂತ್ರ್ಯದ ಹಕ್ಕಿದೆ, ಯಾರನ್ನೂ ಬಲವಂತಪಡಿಸಕೂಡದು ಎಂದಿದೆ. ಸತ್ಯದ ಹಕ್ಕುದಾರಿಕೆ ಒಂದು ಕೂದಲೂ ಅಲುಗಲಿಲ್ಲ, ನಡತೆ ತಿರುಗುಮುರುಗಾಯಿತು. ಹಕ್ಕುದಾರಿಕೆಯೇ ಅಸಹಿಷ್ಣುತೆಗೆ ಕಾರಣವಾಗಿದ್ದರೆ ಇದು ಸಾಧ್ಯವೇ ಇರಲಿಲ್ಲ.

ನನಗೆ ಹೆಚ್ಚು ಪ್ರಿಯನಾದವನು ರೋಜರ್ ವಿಲಿಯಮ್ಸ್. ಅಮೆರಿಕದ ಇಂಗ್ಲಿಷ್ ವಸಾಹತು ಮಸಾಚುಸೆಟ್ಸ್ 1635ರಲ್ಲಿ ಗಡಿಪಾರು ಮಾಡಿದ ಈ ಪಾದ್ರಿ ಮರುವರ್ಷ ಪ್ರಾವಿಡೆನ್ಸ್ ಎಂಬ ನೆಲೆ ಕಟ್ಟಿದ. ಉದಾರಿ ಎಂದುಕೊಂಡು ಓದಿದರೆ ನಿರಾಶೆ ಗ್ಯಾರಂಟಿ. ನಿಜವಾದ ಚರ್ಚು ಭೂಮಿಯ ಮೇಲೆ ಎಲ್ಲೂ ಉಳಿದಿಲ್ಲ ಎಂಬಲ್ಲಿಗೆ ಮುಟ್ಟಿದ ಕಟ್ಟಾ ಮಡಿವಂತ. ಆದರೆ ಮತದ ವಿಷಯದಲ್ಲಿ ಸರ್ಕಾರದ ಬಲವಂತವನ್ನು ಆತ ಆತ್ಮದ ಮೇಲಿನ ಬಲಾತ್ಕಾರ ಎಂದು ಕರೆದ. ಕ್ರೈಸ್ತರಲ್ಲೇ ಒಂದು ಪಂಗಡವಾದ ಕ್ವೇಕರ್ ಪಂಥದವರು ಅವನ ಪಾಲಿಗೆ ಶುದ್ಧ ದಾರಿಗೆಟ್ಟವರು. ಅವರನ್ನು ಹೊರಹಾಕಿ ಎಂದು ನೆರೆಯ ವಸಾಹತುಗಳು 1657ರಲ್ಲಿ ಒತ್ತಡ ತಂದಾಗ, ಪ್ರಾವಿಡೆನ್ಸ್ ಸೇರಿದ್ದ ರೋಡ್ ಐಲೆಂಡ್ ವಸಾಹತು ಒಪ್ಪಲಿಲ್ಲ. ಎಲ್ಲಿ ಇವರಿಗೆ ಬಿಚ್ಚಿ ಮಾತಾಡಲು ಬಿಟ್ಟು ಬರೀ ವಾದದಿಂದ ಎದುರಿಸುತ್ತಾರೋ ಅಲ್ಲಿಗೆ ಬರಲು ಅವರಿಗೇ ಮನಸ್ಸಿರುವುದಿಲ್ಲ ಎಂದು ಉತ್ತರ ಬರೆಯಿತು. ಅತ್ತ ಬಾಸ್ಟನ್‌ನಲ್ಲಿ 1659ರಿಂದ 1661ರೊಳಗೆ ನಾಲ್ವರು ಕ್ವೇಕರರನ್ನು ಗಲ್ಲಿಗೇರಿಸಿದರು. ವಿಲಿಯಮ್ಸ್ ಮಾಡಿದ್ದೇನು? 1672ರಲ್ಲಿ, ಎಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ, ದಿನವಿಡೀ ತಾನೇ ಹುಟ್ಟು ಹಾಕಿಕೊಂಡು ದೋಣಿಯಲ್ಲಿ ನ್ಯೂಪೋರ್ಟ್ ತಲುಪಿ, ಅವರೊಂದಿಗೆ ದಿನಗಟ್ಟಲೆ ವಾದಕ್ಕೆ ಕೂತ. ಸಾಲದೆಂದು ಅವರ ಗುರುವನ್ನು ಜರೆದು ದಪ್ಪ ಪುಸ್ತಕವನ್ನೂ ಬರೆದ. ಒರಟ, ಹಟವಾದಿ, ಜಗಳಗಂಟ, ಏನು ಬೇಕಾದರೂ ಎನ್ನಿ. ಅಸಹಿಷ್ಣು ಎನ್ನಲಾಗದು.

ಇಷ್ಟು ಹೇಳಿ ಏಕಸತ್ಯವಾದಕ್ಕೆ ಪೂರ್ಣ ಖುಲಾಸೆ ಕೊಟ್ಟುಬಿಡುವುದೂ ಸಲ್ಲದು. ಅಪಾಯದ ಬಾಗಿಲು ಒಂದಿದೆ. ನನ್ನ ಮತ ಸತ್ಯ ಎಂಬುದರ ಬೆನ್ನಿಗೆ "ಅದನ್ನು ಒಪ್ಪದವನಿಗೆ ಶಾಶ್ವತ ನರಕ" ಎಂಬುದು ಸೇರಿದರೆ ಬಲವಂತಕ್ಕೆ ಕರುಣೆಯ ವೇಷ ಬರುತ್ತದೆ. ಸಂತ ಅಗಸ್ಟೀನ್ ಮೊದಲು ಬಲವಂತ ಬೇಡ ಎಂದವನು. ಚರ್ಚಿನಿಂದ ಒಡೆದುಹೋಗಿದ್ದ ಉತ್ತರ ಆಫ್ರಿಕಾದ ಡೊನಾಟಿಸ್ಟ್ ಪಂಗಡದವರು ರಾಜಾಜ್ಞೆಗೆ ಹೆದರಿ ಚರ್ಚಿಗೆ ಮರಳಿದ್ದನ್ನು ಕಂಡು ಮನಸ್ಸು ಬದಲಿಸಿದ. "ಒಳಗೆ ಬರುವಂತೆ ಬಲವಂತ ಮಾಡು" ಎಂಬ ಬೈಬಲ್ಲಿನ ಸುವಾರ್ತೆಯ ಮಾತನ್ನು ಅದಕ್ಕೆ ಆಧಾರವಾಗಿ ಕೊಟ್ಟ. ಪ್ರೀತಿಯಿಂದಲೇ ಹೇಳಿದ, ಭಯಪಡಬೇಕಾದದ್ದು ಅದಕ್ಕೇ. ಇದೇ ವಾಕ್ಯದ ಮೇಲೆ 1686ರಲ್ಲಿ ಫ್ರಾನ್ಸಿನ ಪ್ರೊಟೆಸ್ಟೆಂಟ್ ಚಿಂತಕ ಪಿಯರ್ ಬೇಲ್ ಒಂದು ಗ್ರಂಥವನ್ನೇ ಬರೆದ. ಅವನ ಅಣ್ಣ ಹಿಂದಿನ ವರ್ಷವಷ್ಟೇ ಫ್ರಾನ್ಸಿನ ಸೆರೆಯಲ್ಲಿ ಮತಕ್ಕಾಗಿ ಸತ್ತಿದ್ದ. ಬೇಲ್‌ನ ವಾದ ಸರಳ: ಸತ್ಯ ಬಲ್ಲವನಿಗೆ ಬಲವಂತದ ಹಕ್ಕಿದ್ದರೆ ಆ ಹಕ್ಕು ಎಲ್ಲರಿಗೂ ಇದೆ, ಏಕೆಂದರೆ ತಾನೇ ಸತ್ಯ ಬಲ್ಲವನು ಎಂದು ಎಲ್ಲರೂ ನಂಬಿದ್ದಾರೆ.

"ಇದೇ ಅಸಹಿಷ್ಣುತೆ" ಎನ್ನುವ ನಮ್ಮ ಚರ್ಚಾಪಟುಗಳ ನಿಜವಾದ ಗುರು ಮಾತ್ರ ತತ್ತ್ವಜ್ಞಾನಿ ರೂಸೋ. ಶಾಪಗ್ರಸ್ತರೆಂದು ನಾವು ನಂಬಿದವರೊಂದಿಗೆ ನೆಮ್ಮದಿಯಾಗಿ ಬಾಳುವುದು ಅಸಾಧ್ಯ ಎಂದು 1762ರಲ್ಲಿ ಬರೆದವನು ಆತ. ಸಿದ್ಧಾಂತದ ಅಸಹಿಷ್ಣುತೆ, ಸಮಾಜದ ಅಸಹಿಷ್ಣುತೆ ಎಂದು ಎರಡು ಮಾಡುವುದೇ ತಪ್ಪು, ಅವೆರಡೂ ಬಿಡಿಸಲಾಗದ ಜೋಡಿ ಎಂಬುದು ಅವನ ವಾದ. ಶಾಪಗ್ರಸ್ತರ ನಡುವೆ ವಿಲಿಯಮ್ಸ್ ದಶಕಗಟ್ಟಲೆ ಬಾಳಿದ್ದ. ರೂಸೋ ಅವನನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಅದಿರಲಿ, ತನ್ನ ವಾದದಿಂದ ಅವನು ತಲುಪಿದ ತೀರ್ಪನ್ನು ನೋಡಿ. ಚರ್ಚಿನ ಹೊರಗೆ ಮೋಕ್ಷವಿಲ್ಲ ಎಂದು ಹೇಳುವ ಧೈರ್ಯ ಮಾಡುವವನನ್ನು ರಾಜ್ಯದಿಂದಲೇ ಓಡಿಸಬೇಕು! ಹೇಳಿದ್ದಕ್ಕೆ, ಬರೀ ಹೇಳಿದ್ದಕ್ಕೆ. ಅದೇ ವರ್ಷ ಜಿನೀವಾದ ಆಡಳಿತ ರೂಸೋನ ಪುಸ್ತಕವನ್ನು ಸುಡಿಸಿ, ಅವನು ಕಾಲಿಟ್ಟರೆ ಹಿಡಿಯಿರಿ ಎಂದು ಆಜ್ಞೆ ಮಾಡಿತು.