ಹೆಬ್ಬೆರಳಿಗೆಂದೇ ಹುಟ್ಟಿದ ಕೀಲಿಮಣೆ

ಹನ್ನೆರಡು ಗುಂಡಿಗಳ ಹಳೆಯ ಮೊಬೈಲಿನಲ್ಲಿ ‘ನಾಳೆ ಬರುತ್ತೇನೆ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಲು ಎಷ್ಟು ಸಲ ಒತ್ತಬೇಕಿತ್ತು? ಮೊನ್ನೆ ಕಾಗದ ಪೆನ್ನು ಹಿಡಿದು ಎಣಿಸಿ ನೋಡಿದೆ. ಒಟ್ಟು 25 ಸಲ. ಅದು ಸಾಲದೆಂಬಂತೆ ಮೂರು ಕಡೆ ಕೈ ತಡೆದು ಕಾಯಬೇಕು. ಬಿ ಮತ್ತು ಎ ಎರಡೂ 2ರ ಗುಂಡಿಯ ಮೇಲಿವೆ. ಬಿ ಮೂಡಿದ ಮೇಲೆ ಒಂದು ಕ್ಷಣ ಸುಮ್ಮನಿರದೆ ಮತ್ತೆ ಒತ್ತಿದರೆ ಅದು ಸಿ ಆಗಿಬಿಡುತ್ತದೆ. ‘ರುತ್ತೇ’ ಎಂಬಲ್ಲಿ ಇನ್ನೂ ಪೀಕಲಾಟ. ಯು, ಅದರ ಬೆನ್ನಿಗೆ ಬರುವ ಎರಡು ಟಿ, ಮೂರೂ 8ರ ಮೇಲೆಯೇ. ಒತ್ತು, ನಿಲ್ಲು, ಒತ್ತು, ನಿಲ್ಲು. ಇವೇ ಎರಡು ಪದಗಳಿಗೆ ಪೂರ್ಣ ಕೀಲಿಮಣೆಯಿರುವ ಫೋನಿನಲ್ಲಿ 14 ಒತ್ತು ಸಾಕು, ಕಾಯುವ ಮಾತಿಲ್ಲ.

ಟೈಪ್ ಮಾಡುವುದಕ್ಕೆಂದೇ ಇದ್ದ ‘ಮೆಸೇಜಿಂಗ್ ಫೋನ್’ ಎಂಬ ಜಾತಿ ಬದುಕಿದ್ದು ಈ 25 ಮತ್ತು 14ರ ನಡುವಿನ ಸಂದಿಯಲ್ಲಿ. ಆ ಸಂದಿ ಹುಟ್ಟಿಕೊಂಡದ್ದಕ್ಕೆ ಕಾರಣ ಹುಡುಕುತ್ತ ಹೋದರೆ ಮೊಬೈಲಿಗಿಂತ ಬಹಳ ಹಿಂದಕ್ಕೆ ಹೋಗಬೇಕಾಗುತ್ತದೆ.

ಅಂಕಿಗಳ ಪಕ್ಕದಲ್ಲಿ ಅಕ್ಷರಗಳು ಬಂದು ಕುಳಿತದ್ದು ಏನನ್ನೂ ಬರೆಯಲಿಕ್ಕಲ್ಲ. ಅಮೆರಿಕದಲ್ಲಿ ಟೆಲಿಫೋನ್ ಎಕ್ಸ್‌ಚೇಂಜ್‌ಗಳಿಗೆ ಹೆಸರುಗಳಿದ್ದ ಕಾಲದಲ್ಲಿ ಆ ಹೆಸರಿನ ಮೊದಲ ಅಕ್ಷರಗಳನ್ನು ತಿರುಗಿಸಲು ಅನುಕೂಲವಾಗಲೆಂದು ಡಯಲಿನ ಮೇಲೆ ಅವನ್ನು ಮುದ್ರಿಸಿದರು. ಅಲ್ಲಿ ಕ್ಯೂಗೆ ಜಾಗವೇ ಇರಲಿಲ್ಲ. ಮುಂದೆ ಅದನ್ನು 7ರಲ್ಲೂ ಝಡ್ ಅನ್ನು 9ರಲ್ಲೂ ತುರುಕಿದರು. ಎಸ್ ಎಂಬ ಬಡಪಾಯಿ ಅಕ್ಷರಕ್ಕೆ ನಾಲ್ಕು ಸಲ ಒತ್ತಬೇಕಾದ ಶಿಕ್ಷೆ ಬಂದದ್ದು ಹೀಗೆ.

ಎಸ್ಸೆಮ್ಮೆಸ್ ಕೂಡ ಈ ಮನೆಗೆ ಯಜಮಾನನಾಗಿ ಬರಲಿಲ್ಲ, ಜಗುಲಿಯ ಮೂಲೆಯಲ್ಲಿ ಒಂದಿಷ್ಟು ಜಾಗ ಕೇಳಿಕೊಂಡು ಬಂದಿತು. ಫೋನು ಮತ್ತು ಟವರ್ ತಮ್ಮೊಳಗೆ ಸಂಕೇತ ವಿನಿಮಯ ಮಾಡಿಕೊಳ್ಳುವ ಹಾದಿ ಬಹುಪಾಲು ಖಾಲಿ ಬಿದ್ದಿರುತ್ತದೆ. ಅದರಲ್ಲೇ ಚಿಕ್ಕ ಬರಹವನ್ನು ಸಾಗಿಸಬಹುದೆಂಬುದು ಆಲೋಚನೆ. ಎಷ್ಟು ಚಿಕ್ಕದು? ಜರ್ಮನಿಯ ಎಂಜಿನಿಯರ್ ಫ್ರೀಡ್‌ಹೆಲ್ಮ್ ಹಿಲ್ಲೆಬ್ರಾಂಡ್ 1985ರಲ್ಲಿ ಮನೆಯ ಟೈಪ್‌ರೈಟರ್ ಮುಂದೆ ಕುಳಿತು, ಮನಸ್ಸಿಗೆ ಬಂದ ವಾಕ್ಯಗಳನ್ನೂ ಪ್ರಶ್ನೆಗಳನ್ನೂ ಬಡಿದು, ಅಕ್ಷರ, ಖಾಲಿ ಜಾಗ, ಚಿಹ್ನೆಗಳನ್ನು ಎಣಿಸಿದರು. ಹೆಚ್ಚಿನವು 160ರೊಳಗೆ ಮುಗಿದವು. ಅದೇ ಲೆಕ್ಕ ನಿಂತಿತು: ಸಂದೇಶಕ್ಕೆ 140 ಬೈಟ್, ಬೈಟಿಗೆ ಎಂಟು ಬಿಟ್, ಅಕ್ಷರಕ್ಕೆ ಏಳು ಬಿಟ್.

ಆ ಲೆಕ್ಕದಲ್ಲಿ ಕನ್ನಡವಿರಲಿಲ್ಲ. ಏಳು ಬಿಟ್‌ನ ಪಟ್ಟಿಯಲ್ಲಿ ಇಲ್ಲದ ಒಂದೇ ಒಂದು ಅಕ್ಷರ ನುಸುಳಿದರೂ ಇಡೀ ಸಂದೇಶ 16 ಬಿಟ್‌ನ ಸಂಕೇತಕ್ಕೆ ಜಾರುತ್ತದೆ. ಆಗ ಸಿಗುವುದು 160 ಅಲ್ಲ, 70. ಜೊತೆಗೆ ಒತ್ತಕ್ಷರ, ಗುಣಿತದ ಚಿಹ್ನೆ ಎಲ್ಲಕ್ಕೂ ಬೇರೆಬೇರೆ ಲೆಕ್ಕ. ‘ನಾಳೆ ಬರುತ್ತೇನೆ’ ಎಂಬುದನ್ನು ಕನ್ನಡ ಲಿಪಿಯಲ್ಲಿ ಬರೆದರೆ ಖರ್ಚಾಗುವುದು 14 ಸಂಕೇತ, ಅಂದರೆ ಒಂದು ಸಂದೇಶದ ಐದನೇ ಒಂದು ಪಾಲು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಹತ್ತನೇ ಒಂದು ಪಾಲೂ ಖರ್ಚಾಗುವುದಿಲ್ಲ. ನಮ್ಮಂಥವರು ವರ್ಷಗಟ್ಟಲೆ ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆದುದನ್ನು ಭಾಷಾಭಿಮಾನದ ಕೊರತೆ ಎಂದು ಬೈದವರಿದ್ದಾರೆ. ಬೈಯುವ ಮುನ್ನ ಅವರು ಈ ಲೆಕ್ಕವನ್ನೊಮ್ಮೆ ಮಾಡಬಹುದಿತ್ತು.

1992ರ ಡಿಸೆಂಬರ್ 3ರಂದು ಬ್ರಿಟನ್ನಿನ ನೀಲ್ ಪ್ಯಾಪ್‌ವರ್ತ್ ಎಂಬ ಎಂಜಿನಿಯರ್ ವೊಡಾಫೋನ್ ಜಾಲದಲ್ಲಿ ಮೊದಲ ಸಂದೇಶ ಕಳುಹಿಸಿದರು. ಕ್ರಿಸ್‌ಮಸ್ ಶುಭಾಶಯವೆಂಬ ಎರಡೇ ಪದ. ಅದನ್ನು ಅವರು ಬರೆದದ್ದು ಕಂಪ್ಯೂಟರಿನ ಕೀಲಿಮಣೆಯಲ್ಲಿ. ಅದನ್ನು ಪಡೆದ ಫೋನಿಗೆ ಓದಿಸಲು ಮಾತ್ರ ಬರುತ್ತಿತ್ತು, ಉತ್ತರ ಬರೆಯಲು ಬರುತ್ತಿರಲಿಲ್ಲ. ಅಂದರೆ ಸಂದೇಶಕ್ಕೆ ಕೀಲಿಮಣೆ ಆಮೇಲೆ ಜೋಡಿಸಿದ ಅಲಂಕಾರವಲ್ಲ. ಮೊದಲು ಇದ್ದದ್ದೇ ಅದು. ನಡುವೆ ಕಳೆದುಹೋಗಿತ್ತು, ಅಷ್ಟೆ.

ಕಳೆದುಹೋದುದಕ್ಕೆ ಪರ್ಯಾಯವಾಗಿ ಬಂದದ್ದು ಟಿ9. ಟೆಜಿಕ್ ಎಂಬ ಕಂಪನಿ 1990ರ ದಶಕದಲ್ಲಿ ರೂಪಿಸಿದ ಈ ವಿಧಾನದಲ್ಲಿ ಅಕ್ಷರಕ್ಕೆ ಒಂದೇ ಒತ್ತು. ಯಾವ ಪದವೆಂಬುದನ್ನು ಫೋನು ತನ್ನ ನಿಘಂಟು ನೋಡಿ ಊಹಿಸುತ್ತದೆ. ಜಾಣ ಉಪಾಯವೇ. ಆದರೆ 4, 6, 6, 3 ಒತ್ತಿದರೆ ‘ಗುಡ್’, ‘ಹೋಮ್’, ‘ಗಾನ್’ ಮೂರೂ ಸಾಧ್ಯ. ನಾನು ಮನೆಯಲ್ಲಿದ್ದೇನೆ ಎಂಬುದು ನಾನು ಹೋದೆ ಎಂದಾಗುತ್ತಿತ್ತು. ಇನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ ಆ ನಿಘಂಟಿಗೆ ಯಾವ ಲೋಕದ ಭಾಷೆಯೋ. ಟಿ9 ಅನ್ನು ಆಫ್ ಮಾಡಿ ಮತ್ತೆ ಒತ್ತು-ನಿಲ್ಲು ವ್ರತಕ್ಕೇ ಮರಳಬೇಕಿತ್ತು.

ಪೂರ್ಣ ಕೀಲಿಮಣೆಯನ್ನು ಫೋನಿಗೆ ತರುವ ಯತ್ನ ಮೊದಲಿಗೆ ದೊಡ್ಡವರ ಕಚೇರಿ ಸಾಮಾನಾಗಿ ಬಂದಿತು. 1996ರ ನೋಕಿಯಾ 9000 ಕಮ್ಯುನಿಕೇಟರ್ ಡಬ್ಬಿಯಂತೆ ತೆರೆದುಕೊಳ್ಳುತ್ತಿತ್ತು, 397 ಗ್ರಾಂ ತೂಗುತ್ತಿತ್ತು. ಅದನ್ನು ಮೇಜಿನ ಮೇಲಿಟ್ಟು ಬಡಿಯಬೇಕೆಂಬುದು ಅದರ ಆಕಾರದಲ್ಲೇ ಇತ್ತು. ನಿಜವಾದ ತಿರುವು ಬೇರೆ ಕಡೆಯಿಂದ ಬಂದಿತು. ಕೆನಡಾದ ರಿಸರ್ಚ್ ಇನ್ ಮೋಷನ್ ಕಂಪನಿ ಅಂಗೈಯಲ್ಲಿ ಹಿಡಿಯುವ ಸಾಧನಕ್ಕೆ ಹತ್ತು ಬೆರಳುಗಳನ್ನು ಊಹಿಸಿಕೊಳ್ಳುವುದನ್ನೇ ಬಿಟ್ಟಿತು. ಎಂಟು ಬೆರಳು ಹಿಂದಿನಿಂದ ಹಿಡಿದಿರುತ್ತವೆ, ಬಿಡುವಾಗಿರುವುದು ಎರಡು ಹೆಬ್ಬೆರಳು ಮಾತ್ರ. ಹಾಗಿದ್ದರೆ ಅವಕ್ಕೇ ಮಾಡೋಣ. ಅಂಡಾಕಾರದ ಗುಂಡಿಗಳನ್ನು ಹೆಬ್ಬೆರಳು ಬಂದು ಕೂರುವ ಓರೆಗೆ ತಕ್ಕಂತೆ ಎಡಬಲಕ್ಕೆ ವಾಲಿಸಿ, ಸಾಲನ್ನು ಬಿಲ್ಲಿನಂತೆ ಬಾಗಿಸಿದರು. 1999ರಲ್ಲಿ ಅವರು ತಂದ ಬ್ಲ್ಯಾಕ್‌ಬೆರಿ 850 ಒಂದು ಪೇಜರ್. ಒಂದೇ ಡಬಲ್-ಎ ಬ್ಯಾಟರಿಯಲ್ಲಿ ನಡೆಯುತ್ತಿತ್ತು. ಅದರಲ್ಲಿ ಮಾತನಾಡಲು ಆಗುತ್ತಿರಲಿಲ್ಲ, ಬರೆಯಲು ಮಾತ್ರ. ಆ ಗುಂಡಿಗಳ ಬೆಲೆ ಅವರಿಗೆ ಚೆನ್ನಾಗಿ ಗೊತ್ತಿತ್ತು: 2002ರಲ್ಲಿ ಟ್ರಿಯೋ ಫೋನಿನ ಕೀಲಿಮಣೆ ತಮ್ಮ ಪೇಟೆಂಟಿನದೆಂದು ಹ್ಯಾಂಡ್‌ಸ್ಪ್ರಿಂಗ್ ಕಂಪನಿಯ ಮೇಲೆ ದಾವೆ ಹೂಡಿದರು. ಆ ವರ್ಷವೇ ಪರವಾನಗಿಯ ಒಪ್ಪಂದದಲ್ಲಿ ಅದು ಮುಗಿಯಿತು.

ಹರೆಯದವರ ಕಡೆಗೆ ಹೊರಳಿದ ಮೊದಲ ಯತ್ನಗಳು ವಿಚಿತ್ರವಾಗಿದ್ದವು. 2001ರ ನೋಕಿಯಾ 5510ರಲ್ಲಿ ನಡುವೆ ಪರದೆ, ಅದರ ಎರಡು ಬದಿಗೆ ಸೀಳಿಟ್ಟ ಕೀಲಿಮಣೆ. ನೋಡಲು ವಿಡಿಯೊ ಆಟದ ಪೆಟ್ಟಿಗೆಯಂತೆ. 2002ರಲ್ಲಿ ಡೇಂಜರ್ ಎಂಬ ಕಂಪನಿಯ ಹಿಪ್‌ಟಾಪ್ ಬಂದಿತು. ಅಮೆರಿಕದಲ್ಲಿ ಅದು ಸೈಡ್‌ಕಿಕ್ ಎಂದೇ ಪ್ರಸಿದ್ಧ. ಅದರ ಪರದೆಯನ್ನು ಹೆಬ್ಬೆರಳಿನಿಂದ ತಳ್ಳಿದರೆ ಗಿರಕ್ಕನೆ ತಿರುಗಿ ಅಡಿಯಲ್ಲಿದ್ದ ಕೀಲಿಮಣೆ ಕಾಣುತ್ತಿತ್ತು. ಕಿವಿ ಕೇಳದವರು ಈ ಫೋನನ್ನು ಬಹಳ ಹಚ್ಚಿಕೊಂಡರು. ಫೋನ್ ಎಂದರೆ ಮಾತು ಎಂಬ ಊಹೆಯಿಂದ ಹೊರಗುಳಿದಿದ್ದವರಿಗೆ ಬರಹವೇ ಮುಖ್ಯವಾದ ಫೋನ್ ಕೈಗೆ ಸಿಕ್ಕಿತ್ತು. ಈ ಇಡೀ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಸಂಗತಿ ಇದು.

2006ರಿಂದ ನಾಲ್ಕೈದು ವರ್ಷ ಸುಗ್ಗಿ. ಎಲ್‌ಜಿ ಎನ್‌ವಿ ಹೊರಗೆ ಸಾಧಾರಣ ಫೋನು, ಪುಸ್ತಕದಂತೆ ತೆರೆದರೆ ಒಳಗೆ ಅಗಲ ಪರದೆ ಮತ್ತು ಕೀಲಿಮಣೆ. ಸ್ಯಾಮ್‌ಸಂಗ್ ಏಲಿಯಾಸ್ 2 ಎಂಬುದರ ಗುಂಡಿಗಳಲ್ಲೇ ಇ-ಇಂಕ್ ಇತ್ತು. ಫೋನನ್ನು ಉದ್ದಕ್ಕೆ ತೆರೆದರೆ ಅಂಕಿ, ಅಡ್ಡಕ್ಕೆ ತೆರೆದರೆ ಅಕ್ಷರ. 2008ರ ಎರಡನೇ ತ್ರೈಮಾಸಿಕದಲ್ಲಿ ಅಮೆರಿಕದ ಮೊಬೈಲ್ ಬಳಕೆದಾರರು ತಿಂಗಳಿಗೆ ಸರಾಸರಿ 357 ಸಂದೇಶ ಕಳುಹಿಸಿ ಪಡೆಯುತ್ತಿದ್ದರು, ಕರೆಗಳು 204 ಎಂದು ನೀಲ್ಸನ್ ಸಂಸ್ಥೆ ಲೆಕ್ಕ ಹಾಕಿತು. ಫೋನಿನಲ್ಲಿ ಮಾತು ಎರಡನೇ ಕೆಲಸವಾಗಿತ್ತು.

ನನ್ನ ಬಳಿಯಿದ್ದದ್ದು ಅಡ್ಡಕ್ಕೆ ಸರಿಯುವ ಸ್ಲೈಡರ್. ಹೆಸರು ಬೇಡ, ಆಮೇಲೆ ಅದನ್ನು ಬೈಯುವುದಿದೆ. ಮೇಲ್ಭಾಗವನ್ನು ತುಸು ತಳ್ಳಿದರೆ ಒಳಗಿನ ಸ್ಪ್ರಿಂಗ್ ಉಳಿದದ್ದನ್ನು ತಾನೇ ಎಳೆದುಕೊಂಡು ‘ಟಕ್’ ಎನ್ನುತ್ತಿತ್ತು. ಬರೆಯಲು ಏನೂ ಇಲ್ಲದಿದ್ದರೂ ಸುಮ್ಮನೆ ತೆಗೆದು ಮುಚ್ಚುವುದು ಚಟವಾಗಿತ್ತು, ಪಕ್ಕದಲ್ಲಿದ್ದವರಿಗೆ ತಲೆನೋವು. ಪ್ರತಿ ಗುಂಡಿಯ ಅಡಿಯಲ್ಲಿ ಪುಟ್ಟ ಲೋಹದ ಗುಮ್ಮಟ. ಒತ್ತಿದಾಗ ಅದು ಒಳಕ್ಕೆ ಕುಸಿದು ಸಂಪರ್ಕ ಕೂಡಿಸಿ, ಬಿಟ್ಟೊಡನೆ ಚಿಮ್ಮುತ್ತದೆ. ಅಕ್ಷರ ಬಿತ್ತೆಂಬುದನ್ನು ಬೆರಳೇ ಹೇಳುತ್ತಿತ್ತು, ಕಣ್ಣು ಹೇಳಬೇಕಿರಲಿಲ್ಲ. ಕೆಲವು ವಾರಗಳಲ್ಲಿ ಮೇಜಿನ ಕೆಳಗೆ, ಕತ್ತಲಲ್ಲಿ, ಎದುರಿಗಿದ್ದವರ ಮುಖ ನೋಡುತ್ತಲೇ ಬರೆಯುವುದು ಅಭ್ಯಾಸವಾಯಿತು. ರಾತ್ರಿ ಮಾತ್ರ ಗುಟ್ಟು ಉಳಿಯುತ್ತಿರಲಿಲ್ಲ. ಹೊದಿಕೆಯೊಳಗಿನ ನೀಲಿ ಬೆಳಕನ್ನು ಮುಚ್ಚಬಹುದು, ಟಿಕ್‌ಟಿಕ್ ಸದ್ದನ್ನಲ್ಲ.

ಮೊದಲು ಅಳಿಸಿಹೋದದ್ದು ಎ ಅಕ್ಷರದ ಬಣ್ಣ, ಬಳಿಕ ಎನ್ ಮತ್ತು ಯು. ಕನ್ನಡ ಬರೆದವನ ಫೋನೆಂದು ಅದನ್ನು ನೋಡಿಯೇ ಹೇಳಬಹುದಿತ್ತು. ಇನ್‌ಬಾಕ್ಸ್‌ನಲ್ಲಿ ಹಿಡಿಸುತ್ತಿದ್ದುದು ಕೆಲವು ನೂರು ಸಂದೇಶ. ತುಂಬಿದೊಡನೆ ಲಕೋಟೆಯ ಚಿತ್ರ ಮಿನುಗತೊಡಗುತ್ತಿತ್ತು. ಹೊಸದು ಒಳಗೆ ಬರಬೇಕಾದರೆ ಹಳೆಯದು ಹೋಗಬೇಕು. ಯಾರ ಯಾವ ಮಾತನ್ನು ಅಳಿಸುವುದೆಂದು ಕುಳಿತು ಆರಿಸುತ್ತಿದ್ದೆ.

ಎರಡನೇ ವರ್ಷಕ್ಕೆ ಸ್ಪೇಸ್ ಗುಂಡಿ ಸತ್ತಿತು. ಪದಗಳ ನಡುವೆ ಜಾಗದ ಬದಲು ಚುಕ್ಕೆ ಇಡುವುದು ಅನಿವಾರ್ಯವಾಯಿತು: ನಾಳೆ.ಬರುತ್ತೇನೆ. ಮರುವರ್ಷ ಪರದೆಯೇ ಬೆಳ್ಳಗಾಯಿತು. ಸ್ಲೈಡರ್‌ಗಳ ಮರ್ಮಸ್ಥಾನ ಅದು. ಮೇಲಿನ ಪರದೆಗೂ ಕೆಳಗಿನ ಬೋರ್ಡಿಗೂ ಇರುವ ಕೊಂಡಿ ಫ್ಲೆಕ್ಸ್ ಎಂಬ ತೆಳು ಪಟ್ಟಿಯೊಂದೇ. ಪ್ರತಿ ಬಾರಿ ಜಾರಿಸಿದಾಗಲೂ ಅದು ಮಡಿಚಿ ಬಿಡಿಚಿಕೊಳ್ಳುತ್ತದೆ. ನನ್ನ ಚಟವೇ ಅದನ್ನು ಕೊಂದಿತೆಂದು ಒಪ್ಪುತ್ತೇನೆ. ಜಾರಿಸಲೆಂದೇ ಮಾಡಿದ ಫೋನಿಗೆ ಜಾರಿಸುವುದನ್ನು ತಾಳುವ ಪಟ್ಟಿ ಹಾಕಬೇಕಿತ್ತು ಎಂಬ ತಕರಾರೂ ಇದೆ.

ಆದರೆ ಈ ಜಾತಿ ಅಳಿದದ್ದು ಕೆಟ್ಟುಹೋಗಿ ಅಲ್ಲ, ಟೈಪ್ ಮಾಡುವುದರಲ್ಲಿ ಸೋತೂ ಅಲ್ಲ. 2007ರ ಜನವರಿ 9ರಂದು ಐಫೋನ್ ತೋರಿಸುತ್ತ ಸ್ಟೀವ್ ಜಾಬ್ಸ್ ಇಟ್ಟ ವಾದ ಸರಳ: ಪ್ಲಾಸ್ಟಿಕ್ ಗುಂಡಿಗಳು ಬೇಕಿರಲಿ ಬಿಡಲಿ ಅಲ್ಲೇ ಇರುತ್ತವೆ. ಚಿತ್ರ ನೋಡುವಾಗಲೂ, ನಕಾಶೆ ನೋಡುವಾಗಲೂ ಫೋನಿನ ಅರ್ಧ ಮುಖ ಕೀಲಿಮಣೆಗೇ ಮೀಸಲು. ಫೋನು ಬರೆಯುವ ಸಾಧನವಾಗಿರುವವರೆಗೆ ಅದು ಸರಿ. ನೋಡುವ ಸಾಧನವಾದಾಗ ಅದೇ ಭಾರ. ಗಾಜಿನ ಮೇಲಿನ ಕೀಲಿಮಣೆ ಒರಟಾಗಿತ್ತು, ಈಗಲೂ ಕಣ್ಣು ಬೇಡುತ್ತದೆ. ಆದರೆ ಮುಂದಿನ ಅಕ್ಷರ ಯಾವುದಿರಬಹುದೆಂದು ಊಹಿಸಿ ಆ ಅಕ್ಷರದ ಸುತ್ತಲಿನ ಜಾಗವನ್ನು ಸದ್ದಿಲ್ಲದೆ ಹಿಗ್ಗಿಸುವುದು ಗಾಜಿಗೆ ಸಾಧ್ಯ, ಗುಂಡಿಗಲ್ಲ. ಟಿ9ನ ಊಹೆಯ ಗುಣ ಬೇರೆ ವೇಷದಲ್ಲಿ ಮರಳಿ ಬಂದಿತ್ತು.

ಇದರ ಇನ್ನೊಂದು ಎಳೆ ನನಗೆ ತಮಾಷೆಯಾಗಿ ಕಾಣುತ್ತದೆ. ಸೈಡ್‌ಕಿಕ್ ಮಾಡಿದವರಲ್ಲೊಬ್ಬರಾದ ಆ್ಯಂಡಿ ರೂಬಿನ್ ಅವರೇ ಆ್ಯಂಡ್ರಾಯ್ಡ್ ಸ್ಥಾಪಕರಲ್ಲೂ ಒಬ್ಬರು. 2008ರ ಮೊದಲ ಆ್ಯಂಡ್ರಾಯ್ಡ್ ಫೋನಾದ ಎಚ್‌ಟಿಸಿ ಡ್ರೀಮ್‌ನಲ್ಲಿ ಸರಿಯುವ ಕೀಲಿಮಣೆಯಿತ್ತು. ಪರದೆಯ ಮೇಲೆ ಬರೆಯುವ ವ್ಯವಸ್ಥೆಯೇ ಆ ತಂತ್ರಾಂಶದಲ್ಲಿರಲಿಲ್ಲ. 2009ರ ಏಪ್ರಿಲ್‌ನ 1.5 ಆವೃತ್ತಿಯಲ್ಲಿ ಅದು ಬಂದಿತು. ಒಂದು ಅಪ್‌ಡೇಟ್‌ನಿಂದ ಅದೇ ಫೋನಿನ ಗುಂಡಿಗಳು ಇದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ ಎಂಬಂತಾದವು. ಡೇಂಜರ್ ಅನ್ನು ಕೊಂಡಿದ್ದ ಮೈಕ್ರೋಸಾಫ್ಟ್ 2010ರ ಮೇ ತಿಂಗಳಲ್ಲಿ ಕಿನ್ ಎಂಬ ಸಂದೇಶದ ಫೋನುಗಳನ್ನು ತಂದು ಜೂನ್ ಮುಗಿಯುವಷ್ಟರಲ್ಲಿ ಕೈಬಿಟ್ಟಿತು. ಬ್ಲ್ಯಾಕ್‌ಬೆರಿ ಮಾತ್ರ ಹಟ ಹಿಡಿದು ಉಳಿಯಿತು. ಅದರ ಹಳೆಯ ಫೋನುಗಳ ಸೇವೆ 2022ರ ಜನವರಿ 4ರಂದು ನಿಂತಿತು. ಈಗ ಐಫೋನಿಗೇ ತೊಡಿಸುವ ಗುಂಡಿಗಳ ಕವಚವನ್ನು ಕ್ಲಿಕ್ಸ್ ಎಂಬ ಹೆಸರಿನಲ್ಲಿ ಮಾರುತ್ತಿದ್ದಾರೆ.

ನನ್ನ ಸ್ಪೇಸ್ ಗುಂಡಿ ಸತ್ತಾಗ ಚುಕ್ಕೆಯ ಸಂದೇಶಗಳನ್ನು ಅತಿ ಹೆಚ್ಚು ಓದಿದ್ದು ಒಬ್ಬ ಗೆಳೆಯ. ಮೊದಲು ಕೋಪವೇನೋ ಎಂದುಕೊಂಡು ಫೋನ್ ಮಾಡಿ ವಿಚಾರಿಸಿದ. ಸಂಗತಿ ತಿಳಿದ ಮೇಲೆ ಅವನೂ ಹಾಗೆಯೇ ಬರೆಯತೊಡಗಿದ. ಅವನ ಫೋನು ನೆಟ್ಟಗೇ ಇತ್ತು. ಈಗಲೂ ಅವನಿಂದ ಬರುವುದು ಅದೇ ಧಾಟಿ: ಎಲ್ಲಿದ್ದೀಯಾ.ಊಟ.ಆಯಿತೇ.